ಗಾಯಕ್ಕೆ ಇವತ್ತು ಎಷ್ಟನೇ ದಿನ?

ಬೆಳಿಗ್ಗೆ ಎಂಟೂವರೆಗೆ ನಮ್ಮ ಸರ್ಜರಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಟ್ರಾಲಿ ಹೊರಡುತ್ತದೆ. ಹಿಂದೆ ಮೂರೋ ನಾಲ್ಕೋ ಜನ ನರ್ಸಿಂಗ್ ಸ್ಟೂಡೆಂಟ್ಸ್ ಇರುತ್ತಾರೆ. ಮೊದಲ ಬೆಡ್ಡಿನ ಹತ್ತಿರ ನಿಂತ ಕೂಡಲೇ ಯಾರದಾದರೂ ಒಬ್ಬರ ಕೈ ಗಾಯ ಒರೆಸುವ ಬೆಟಾಡಿನ್ ಬಾಟಲಿಗೆ ಹೋಗುತ್ತದೆ. ಆಗ ನಾನು ಕೇಳುತ್ತೇನೆ: “ತಡಿಯಮ್ಮ, ಈ ಗಾಯಕ್ಕೆ ಇವತ್ತು ಎಷ್ಟನೇ ದಿನ?”

ಬೆಂಗಳೂರಿನಲ್ಲಿ ಡ್ರೆಸ್ಸಿಂಗ್ ಮಾಡಲು ಶುರು ಮಾಡಿ ನನಗೆ 22 ವರ್ಷವಾಯಿತು. ಓದುವಾಗ ಗಾಯದ ವಿಧಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಬಂದಿದ್ದೆ. ಆದರೆ ಎದುರಿಗೆ ಗಾಯ ಬಂದಾಗ ಏನನ್ನು ನೋಡಬೇಕು ಅಂತ ಗೊತ್ತಾಗಿದ್ದು ದಿನ ಎಣಿಸಲು ಕಲಿತ ಮೇಲೆ. ಗಾಯದ ಅಂಚು ಸ್ವಲ್ಪ ಕೆಂಪಗಿದೆ, ಊದಿದೆ, ಮುಟ್ಟಿದರೆ ಬೆಚ್ಚಗಿದೆ ಅಂದುಕೊಳ್ಳಿ. ಎರಡನೇ ದಿನ ಹಾಗಿದ್ದರೆ ಗಾಯ ತನ್ನ ಕೆಲಸ ಮಾಡಿಕೊಳ್ಳುತ್ತಿದೆ. ಏಳನೇ ದಿನ ಹಾಗಿದ್ದರೆ ಡಾಕ್ಟರಿಗೆ ಹೇಳಬೇಕು. ನೋಡಲು ಎರಡೂ ಒಂದೇ ಥರ ಇರುತ್ತವೆ.

ಎಣಿಕೆಯಲ್ಲಿ ಆಪರೇಷನ್ ಆದ ದಿನ ಸೊನ್ನೆ, ಮರುದಿನ ಒಂದು. ಇದನ್ನು ಒಬ್ಬೊಬ್ಬರು ಒಂದೊಂದು ಥರ ಎಣಿಸಿದರೆ ಡ್ಯೂಟಿ ಬದಲಾಗುವ ಹ್ಯಾಂಡೋವರ್ ಹೊತ್ತಿಗೆ ಗೊಂದಲವಾಗುತ್ತದೆ.

ಹೇಗಾಯ್ತು ಅಂತ ಕೇಳಿ

ದಿನ ಗೊತ್ತಾದ ಮೇಲೆ, ಗಾಯ ಹೇಗಾಯಿತು ಅಂತ ಕೇಳಬೇಕು. ಆ ಉತ್ತರದಲ್ಲೇ ಗಾಯದ ವಿಧ ಇರುತ್ತದೆ.

ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದ ಹುಡುಗರು ಬರುತ್ತಲೇ ಇರುತ್ತಾರೆ. ಮೊಣಕೈ, ಮಂಡಿ, ಅಂಗೈ ಉಜ್ಜಿ ಹೋಗಿರುತ್ತದೆ. ಇದು ತರಚು ಗಾಯ, ಅಬ್ರೇಷನ್. ರಕ್ತ ಕಡಿಮೆ, ಉರಿ ಜಾಸ್ತಿ. ಮೇಲಿನ ಚರ್ಮ ಹೋಗಿ ನರದ ತುದಿಗಳು ತೆರೆದುಕೊಂಡಿರುತ್ತವೆ, ಅದಕ್ಕೇ ಅಷ್ಟು ಉರಿ. ಇಲ್ಲಿ ಮುಖ್ಯ ಕೆಲಸ ಒಳಗೆ ಸೇರಿದ ಮಣ್ಣು, ಟಾರಿನ ಕಣ ತೆಗೆಯುವುದು. ಪಾಪ ನೋವಾಗುತ್ತೆ ಅಂತ ಸುಮ್ನೆ ಮೇಲೆ ಒರೆಸಿ ಕಳಿಸಿದರೆ ಆ ಕಣಗಳ ಮೇಲೆಯೇ ಚರ್ಮ ಬೆಳೆಯುತ್ತದೆ, ಹಚ್ಚೆ ಹಾಕಿದ ಹಾಗೆ ಕಪ್ಪು ಕಲೆ ಉಳಿಯುತ್ತದೆ. ನೋವಿಗೆ ಮೊದಲು ಔಷಧಿ ಕೊಡಿಸಿ, ಆಮೇಲೆ ಚೆನ್ನಾಗಿ ತೊಳೆಯಿರಿ.

ಈಳಿಗೆಮಣೆಯಲ್ಲಿ ಕೊಯ್ದುಕೊಂಡ ಬೆರಳು, ಬ್ಲೇಡು ತಗುಲಿದ ಕೈ, ಸರ್ಜನ್ ಕೊಯ್ದ ಹೊಟ್ಟೆ, ಮೂರೂ ಇನ್ಸಿಷನ್. ಅಂಚು ನೇರ, ರಕ್ತ ಜಾಸ್ತಿ, ಕೂಡಿಸಿ ಹೊಲಿದರೆ ಬೇಗ ಮಾಯುತ್ತದೆ. ಮೆಟ್ಟಿಲಿಗೆ ಬಡಿದು ಒಡೆದ ಹಣೆ ಹಾಗಲ್ಲ. ಅದು ಹರಿದ ಗಾಯ, ಲ್ಯಾಸರೇಷನ್. ಅಂಚು ಹರಕಲು, ಅದರ ಪಕ್ಕದ ಮಾಂಸವೂ ಜಜ್ಜಿರುತ್ತದೆ. ಜಜ್ಜಿದ ಕಡೆ ರಕ್ತ ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ಸೋಂಕು ತಗಲುವ ಸಾಧ್ಯತೆ ಜಾಸ್ತಿ. ಚರ್ಮ ಒಡೆಯದೆ ಒಳಗೇ ರಕ್ತ ಸೋರಿ ನೀಲಿಗಟ್ಟಿದರೆ ಮೂಗೇಟು. ಹಿಂದೆ ಕೂತ ಮಗುವಿನ ಹಿಮ್ಮಡಿ ಬೈಕಿನ ಚಕ್ರಕ್ಕೆ ಸಿಕ್ಕಿ ಚರ್ಮವೇ ಕಿತ್ತು ಬಂದರೆ ಅವಲ್ಷನ್. ಕಿತ್ತು ನೇತಾಡುವ ಆ ಚರ್ಮಕ್ಕೆ ಜೀವ ಇದೆಯೋ ಇಲ್ಲವೋ ಅಂತ ಮೊದಲ ದಿನ ಹೇಳಲಾಗದು. ಪ್ರತಿ ಡ್ಯೂಟಿಯಲ್ಲೂ ಬಣ್ಣ ನೋಡಿ ಬರೆದಿಡಿ.

ಸ್ಟೂಡೆಂಟ್ಸ್ ಹಗುರವಾಗಿ ತೆಗೆದುಕೊಳ್ಳುವುದು ಚುಚ್ಚಿದ ಗಾಯವನ್ನು. ಕಟ್ಟಡದ ಕೆಲಸದವರ ಕಾಲಿಗೆ ಹಲಗೆಯ ಮೊಳೆ ಹೊಕ್ಕಿರುತ್ತದೆ. ಮೇಲೆ ಕಡಲೆಕಾಳಿನಷ್ಟು ತೂತು, ರಕ್ತವೂ ಇಲ್ಲ. ಆದರೆ ಒಳಗೆ ಎಷ್ಟು ಆಳ ಹೋಗಿದೆ, ಜೊತೆಗೆ ಏನು ಹೋಗಿದೆ ಅಂತ ಕಾಣುವುದಿಲ್ಲ. ಬಾಯಿ ಮುಚ್ಚಿದ ಮೇಲೆ ಒಳಗೆ ಗಾಳಿ ಆಡುವುದಿಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದು ಅದೇ. ಟಿಟಿ ಅಥವಾ ಟಿಡಿ ಇಂಜೆಕ್ಷನ್ ಕೊನೆಯ ಸಲ ಯಾವಾಗ ಆಯಿತು ಅಂತ ಕೇಳದೆ ಯಾರನ್ನೂ ಕಳಿಸಬೇಡಿ.

ನಾಯಿ ಕಚ್ಚಿದ ಗಾಯದ ನಿಯಮವೇ ಬೇರೆ. ಮೊದಲು ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಗಡಿಯಾರ ನೋಡಿಕೊಂಡು ತೊಳೆಯಿರಿ. ಆಮೇಲೆ ರೇಬೀಸ್ ಲಸಿಕೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಒಳಗೆ ಮತ್ತು ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ, ಕೊಡುತ್ತಾರೆ. ಸಾಧ್ಯವಾದಷ್ಟು ಹೊಲಿಗೆ ಹಾಕುವುದಿಲ್ಲ. ಅರಿಶಿನ, ಖಾರದಪುಡಿ ಮೆತ್ತಿಕೊಂಡು ಬಂದಿದ್ದರೆ ಬೈಯಬೇಡಿ, ತೊಳೆಯಿರಿ.

ಸುಟ್ಟ ಗಾಯಕ್ಕೂ ಹಾಗೆ. ಸೈಲೆನ್ಸರ್ ತಗುಲಿದ ಮೀನಖಂಡ, ಕುಕ್ಕರ್ ಹಬೆ ಬಡಿದ ಕೈ, ಎಲ್ಲದಕ್ಕೂ ಮನೆಯಲ್ಲಿ ಟೂತ್‌ಪೇಸ್ಟ್ ಬಳಿದಿರುತ್ತಾರೆ. ಬೇಕಾದದ್ದು ನಲ್ಲಿಯ ತಣ್ಣೀರು, 20 ನಿಮಿಷ. ಐಸ್ ಬೇಡ. ಸುಟ್ಟ ಗಾಯದ ಆರೈಕೆ ಒಂದು ಲೇಖನದಲ್ಲಿ ಮುಗಿಯುವಂಥದ್ದಲ್ಲ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗ ಇದೆ. ಅಲ್ಲಿ ಪೋಸ್ಟಿಂಗ್ ಸಿಕ್ಕರೆ ಬಿಡಬೇಡಿ.

ಒಳಗೆ ನಡೆಯುವ ಕೆಲಸ

ನಮ್ಮ ಬೀದಿಯಲ್ಲಿ ನೀರಿನ ಪೈಪ್ ಒಡೆದಾಗ ಏನು ಮಾಡುತ್ತಾರೆ? ಮೊದಲು ನೀರು ನಿಲ್ಲಿಸುತ್ತಾರೆ. ಒಡೆದ ಚೂರು, ಕೆಸರು ತೆಗೆಯುತ್ತಾರೆ. ಜಲ್ಲಿ ತುಂಬಿ ಮೇಲೆ ಟಾರು ಹಾಕುತ್ತಾರೆ. ಅದು ಗಟ್ಟಿಯಾಗಿ ಕೂರಲು ತಿಂಗಳುಗಟ್ಟಲೆ ಬೇಕು. ಗಾಯ ಮಾಯುವುದೂ ಇದೇ ಕ್ರಮದಲ್ಲಿ.

ಮೊದಲ ಕೆಲವು ನಿಮಿಷದಲ್ಲಿ ರಕ್ತನಾಳ ಬಿಗಿಯುತ್ತದೆ, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ, ಫೈಬ್ರಿನ್ ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಇದು ಹೀಮೋಸ್ಟಾಸಿಸ್. ನಂತರ ಇನ್‌ಫ್ಲಮೇಷನ್, ಅಂದರೆ ಉರಿಯೂತ. ಬಿಳಿ ರಕ್ತಕಣಗಳಲ್ಲಿ ಮೊದಲ 24 ಗಂಟೆಯೊಳಗೆ ನ್ಯೂಟ್ರೋಫಿಲ್‌ಗಳು ಬಂದು ಬ್ಯಾಕ್ಟೀರಿಯಾ ತಿನ್ನುತ್ತವೆ. ಎರಡು ಮೂರನೇ ದಿನಕ್ಕೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಕಸ ತೆಗೆಯುವುದೂ ಇವೇ, ಮುಂದಿನ ಕೆಲಸಕ್ಕೆ ಜನ ಕರೆಯುವುದೂ ಇವೇ. ಕೆಂಪು, ಬಿಸಿ, ಊತ, ನೋವು ನೋಡಿ ಹೆದರಬೇಡಿ ಅಂದೆನಲ್ಲ, ಅದು ಈ ದಿನಗಳ ಮಾತು.

ಸುಮಾರು ನಾಲ್ಕನೇ ದಿನದಿಂದ ತುಂಬುವ ಕೆಲಸ. ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು ಕೊಲಾಜೆನ್ ಅನ್ನುವ ಗಟ್ಟಿ ನಾರು ಹಾಕುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ತೆರೆದ ಗಾಯವಾದರೆ ಇದು ಕಣ್ಣಿಗೇ ಕಾಣುತ್ತದೆ. ದಾಳಿಂಬೆ ಕಾಳಿನ ಹಾಗೆ ಕೆಂಪಗೆ, ಹೊಳೆಯುವ ಸಣ್ಣ ಸಣ್ಣ ಉಬ್ಬು. ಅದು ಗ್ರ್ಯಾನ್ಯುಲೇಷನ್. ಗಾಜ್ (ಡ್ರೆಸ್ಸಿಂಗಿನ ತೆಳು ಬಟ್ಟೆ) ತಗುಲಿದರೂ ರಕ್ತ ಜಿನುಗುವಷ್ಟು ಮೃದು. ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಗೆ ಹರಿಯುತ್ತಾ ಬರುತ್ತದೆ, ಗಾಯವೂ ಸುತ್ತಲಿಂದ ಕುಗ್ಗುತ್ತದೆ. ಮೂರು ವಾರದ ಹೊತ್ತಿಗೆ ಕೊನೆಯ ಹಂತ ಶುರು. ಅವಸರದಲ್ಲಿ ಹಾಕಿದ ಮೂರನೇ ವಿಧದ ಕೊಲಾಜೆನ್ ತೆಗೆದು ಗಟ್ಟಿಯಾದ ಒಂದನೇ ವಿಧ ಕೂರಿಸುವ ಕೆಲಸ. ಇದಕ್ಕೆ ಒಂದು ವರ್ಷವೋ, ಇನ್ನೂ ಜಾಸ್ತಿಯೋ ಹಿಡಿಯುತ್ತದೆ.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ವಾರಕ್ಕೆ ಹೊಲಿಗೆ ಬಿಚ್ಚಿದಾಗ ಆ ಜಾಗದ ಬಲ ಮೊದಲಿನ ಚರ್ಮದ ಶೇಕಡ 10ರಷ್ಟು ಮಾತ್ರ. ಮೂರು ತಿಂಗಳಿಗೆ 70ರಿಂದ 80. ಪೂರ್ತಿ 100 ಮತ್ತೆ ಬರುವುದಿಲ್ಲ. ಹೊಟ್ಟೆ ಆಪರೇಷನ್ ಆದವರು “ಹೊಲಿಗೆ ಬಿಚ್ಚಾಯ್ತಲ್ಲ ಸಿಸ್ಟರ್, ಇನ್ನು ನೀರಿನ ಕ್ಯಾನ್ ಎತ್ತಬಹುದಾ?” ಅಂತ ಕೇಳಿದಾಗ ಈ ಲೆಕ್ಕವನ್ನೇ ಹೇಳುತ್ತೇನೆ. 20 ಲೀಟರ್ ಕ್ಯಾನು ಅಂದರೆ 20 ಕೆ.ಜಿ. ಕೂಡಿಕೊಂಡ ಜಾಗದಲ್ಲಿ ಇರುವುದು ಹತ್ತನೇ ಒಂದು ಪಾಲು ಶಕ್ತಿ.

ಹೊಲಿಗೆ ಬಿಚ್ಚುವ ದಿನ ಜಾಗದ ಮೇಲೆ ಹೋಗುತ್ತದೆ. ಮುಖಕ್ಕೆ ರಕ್ತ ಚೆನ್ನಾಗಿ ಹೋಗುವುದರಿಂದ 5 ದಿನ ಸಾಕು. ತಲೆ, ಹೊಟ್ಟೆಗೆ 7ರಿಂದ 10. ಮಂಡಿಯಂಥ ಮಡಚುವ ಜಾಗಕ್ಕೆ 14.

ಅಂಚು ಕೂಡಿಸಿ ಹೊಲಿದು ಮಾಯಿಸುವುದು ಪ್ರೈಮರಿ ಇಂಟೆನ್ಷನ್. ತೆರೆದೇ ಬಿಟ್ಟು ತಳದಿಂದ ತುಂಬಿಕೊಳ್ಳಲು ಬಿಡುವುದು ಸೆಕೆಂಡರಿ. ಕೀವು, ಕೊಳೆ ಇದ್ದ ಗಾಯವನ್ನು ಕೆಲವು ದಿನ ತೆರೆದಿಟ್ಟು, ಶುದ್ಧವಾದ ಮೇಲೆ ಹೊಲಿಯುವುದು ಟರ್ಷಿಯರಿ. ಸೆಕೆಂಡರಿಯಲ್ಲಿ ನಿಮ್ಮ ಡ್ರೆಸ್ಸಿಂಗ್ ಕೈಚಳಕ ಬೇಕೇ ಬೇಕು. ಮೇಲಿನ ಬಾಯಿ ಮೊದಲು ಮುಚ್ಚಿ ಕೆಳಗೆ ಪೊಳ್ಳು ಉಳಿದರೆ ಅಲ್ಲಿ ಕೀವು ತುಂಬುತ್ತದೆ. ಅದಕ್ಕೇ ಒಳಗೆ ಸಡಿಲವಾಗಿ ಗಾಜ್ ಇಡುತ್ತೇವೆ. ಸಡಿಲವಾಗಿ ಅಂದೆ. ಚೀಲಕ್ಕೆ ಅಕ್ಕಿ ತುಂಬಿದ ಹಾಗೆ ಒತ್ತಿದರೆ ಹೊಸ ರಕ್ತನಾಳಗಳು ಸಾಯುತ್ತವೆ.

ಟ್ರಾಲಿಯ ಹತ್ತಿರ

ಕೈ ತೊಳೆದು, ರೋಗಿಗೆ ಹೇಳಿ, ಪರದೆ ಎಳೆದು ಶುರು ಮಾಡಿ. ನೋವಿನ ಮಾತ್ರೆ ಅರ್ಧ ಗಂಟೆ ಮೊದಲೇ ಕೊಟ್ಟಿದ್ದರೆ ಒಳ್ಳೆಯದು. ಹಳೆಯ ಡ್ರೆಸ್ಸಿಂಗ್ ಬಿಚ್ಚಿ ನೇರ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಬೇಡಿ, ಮೊದಲು ಅದನ್ನು ನೋಡಿ. ಎಷ್ಟು ನೆನೆದಿದೆ? ತಿಳಿ ನೀರೋ, ಕೆಂಪೋ, ಎರಡೂ ಬೆರೆತ ಗುಲಾಬಿಯೋ, ಕೀವೋ? ವಾಸನೆ ಇದೆಯಾ? ಗಾಯದ ಅರ್ಧ ಕಥೆ ಆ ಗಾಜ್ ಮೇಲಿರುತ್ತದೆ.

ಗಾಜ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಇದು ನನಗೆ ತುಂಬಾ ಮುಖ್ಯವಾದ ವಿಷಯ. ಸಲೈನ್ ಸುರಿದು ಕಾಯಿರಿ. ಎರಡು ನಿಮಿಷ ಬೇಕಾದರೆ ಎರಡು ನಿಮಿಷ, ಐದು ಬೇಕಾದರೆ ಐದು. ಆಮೇಲೆ ಒಂದು ಮೂಲೆಯಿಂದ, ಚರ್ಮವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಡಚುತ್ತಾ ಬನ್ನಿ. ಸರಕ್ಕನೆ ಎಳೆದರೆ ನಾಲ್ಕು ದಿನದಿಂದ ಬೆಳೆದ ಎಳೆ ಮಾಂಸ ಗಾಜ್ ಜೊತೆ ಬಂದುಬಿಡುತ್ತದೆ. ರೋಗಿ ಕಿರುಚುತ್ತಾರೆ, ರಕ್ತ ಬರುತ್ತದೆ, ಗಾಯ ಮತ್ತೆ ಒಂದನೇ ದಿನಕ್ಕೆ ಹೋಗುತ್ತದೆ.

ತೊಳೆಯಲು ಸಾಮಾನ್ಯ ಸಲೈನ್ ಸಾಕು. ತೆರೆದ ಗಾಯವಾದರೆ 20 ಎಂ.ಎಲ್. ಸಿರಿಂಜಿಗೆ ಡ್ರಿಪ್ ಹಾಕುವ ಹಸಿರು ಕ್ಯಾನುಲಾದ ಪ್ಲಾಸ್ಟಿಕ್ ನಳಿಕೆ ಮಾತ್ರ ಸಿಕ್ಕಿಸಿ ಹಾಯಿಸಿ. ಸೂಜಿ ಬೇಡ. ಆ ಒತ್ತಡಕ್ಕೆ ಕೊಳೆ ಹೋಗುತ್ತದೆ, ಮಾಂಸಕ್ಕೆ ಪೆಟ್ಟಾಗುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಿ ಎಷ್ಟೋ ಜನಕ್ಕೆ ಖುಷಿ. ಆದರೆ ಅದು ಬ್ಯಾಕ್ಟೀರಿಯಾ ಜೊತೆ ಫೈಬ್ರೊಬ್ಲಾಸ್ಟ್‌ಗಳನ್ನೂ ಕೊಲ್ಲುತ್ತದೆ. ಬೆಟಾಡಿನ್ ಕೂಡ ಸೋಂಕಿಲ್ಲದ, ಕೆಂಪಗೆ ತುಂಬಿಕೊಳ್ಳುತ್ತಿರುವ ಗಾಯಕ್ಕೆ ದಿನಾ ಬೇಕಿಲ್ಲ. ಹೊಲಿದ ಗಾಯ ಒರೆಸುವಾಗ ಹೊಲಿಗೆಯಿಂದ ಹೊರಗೆ, ಒಂದು ಸಲಕ್ಕೆ ಒಂದು ಸ್ವಾಬ್. ಹೊಲಿದ ಶುದ್ಧ ಗಾಯವನ್ನು ಮೊದಲ 48 ಗಂಟೆ ಕಾರಣವಿಲ್ಲದೆ ಬಿಚ್ಚಲೇಬೇಡಿ. ಅಷ್ಟರೊಳಗೆ ಮೇಲೆ ತೆಳು ಪದರ ಮುಚ್ಚಿಕೊಳ್ಳುತ್ತದೆ.

“ಗಾಳಿಗೆ ಬಿಡಿ ಸಿಸ್ಟರ್, ಒಣಗಲಿ” ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಅಮ್ಮನೂ ಹೇಳುತ್ತಿದ್ದರು. 1962ರಲ್ಲಿ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಚರ್ಮ ಬೆಳೆಯುತ್ತದೆ ಅಂತ ತೋರಿಸಿದರು. ಹಕ್ಕಳೆ ಕಟ್ಟಿದರೆ ಹೊಸ ಚರ್ಮ ಅದರ ಅಡಿಯಲ್ಲಿ ತೂರಿಕೊಂಡು ಹೋಗಬೇಕು, ತೇವ ಇದ್ದರೆ ನೇರ ಜಾರುತ್ತದೆ. ತೇವ ಅಂದರೆ ನೆನೆದು ತೊಪ್ಪೆಯಾಗುವುದಲ್ಲ. ಸುತ್ತಲ ಚರ್ಮ ಬಟ್ಟೆ ಒಗೆದ ಬೆರಳಿನಂತೆ ಬೆಳ್ಳಗೆ ಸುಕ್ಕಾಗಿದ್ದರೆ ನೀರು ಜಾಸ್ತಿಯಾಗಿದೆ, ಇನ್ನೂ ಹೀರುವ ಪ್ಯಾಡ್ ಬೇಕು ಅಂತ.

ನಂಜು

ನಮ್ಮ ಕಡೆ ಗಾಯ ಮಾಯದಿರಲು ಒಂದು ಕಾರಣ ಯಾವ ಪುಸ್ತಕದಲ್ಲೂ ಕಾಣಲಿಲ್ಲ ನನಗೆ. ಅದು ನಂಜಿನ ಭಯ.

ಸಿಸೇರಿಯನ್ ಆದ ಒಬ್ಬ ಹುಡುಗಿ, ಮಾಗಡಿ ಕಡೆಯವಳು, ಒಂಬತ್ತನೇ ದಿನ ಮತ್ತೆ ಬಂದಳು. ಹೊಲಿಗೆಯ ಒಂದು ತುದಿ ಬಿಟ್ಟುಕೊಂಡಿತ್ತು. ಕೀವಿಲ್ಲ, ಜ್ವರ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಗಾಯದ ತಳ ಮಾತ್ರ ಕೆಂಪಿರಲಿಲ್ಲ, ಬಿಳಿಚಿಕೊಂಡಿತ್ತು. ಏನು ಊಟ ಮಾಡ್ತಿದ್ದೀಯಮ್ಮ ಅಂದೆ. “ಅನ್ನ, ಮೆಣಸಿನ ಸಾರು. ಎರಡು ಹೊತ್ತು ಬ್ರೆಡ್ಡು.” ಮೊಟ್ಟೆ? “ನಂಜಾಗುತ್ತಂತೆ.” ಬೇಳೆ? “ಅತ್ತೆ ಬೇಡ ಅಂದ್ರು, ಕೀವಾಗುತ್ತಂತೆ.” ಹಣ್ಣು? “ಶೀತ.”

ಕೊಲಾಜೆನ್ ಆಗುವುದೇ ಪ್ರೊಟೀನ್‌ನಿಂದ. ಅದನ್ನು ಹೆಣೆಯಲು ವಿಟಮಿನ್ ಸಿ ಬೇಕು. ಅದು ತೀರಾ ಇಲ್ಲದೆ ಸ್ಕರ್ವಿ ಬಂದ ಹಡಗಿನವರಲ್ಲಿ ವಾಸಿಯಾದ ಹಳೆಯ ಗಾಯಗಳೂ ಬಿಟ್ಟುಕೊಳ್ಳುತ್ತಿದ್ದವು. ಈ ಹುಡುಗಿಯ ಗಾಯಕ್ಕೆ ಜಲ್ಲಿಯೂ ಇಲ್ಲ, ಟಾರೂ ಇಲ್ಲ. ನಾನು ಅತ್ತೆಯನ್ನೇ ಕರೆದು ಕೂರಿಸಿಕೊಂಡೆ. ಸೊಸೆಯ ಮೇಲಿನ ಕಾಳಜಿಗೇ ಆಕೆ ಹಾಗೆ ಮಾಡಿದ್ದು, ಅದನ್ನು ಮೊದಲು ಒಪ್ಪಿಕೊಂಡು ಮಾತಾಡಬೇಕು. “ನಂಜು ಬರೋದು ಬ್ಯಾಕ್ಟೀರಿಯಾದಿಂದ ಅಮ್ಮ. ಬೇಳೆ ಕೊಡದಿದ್ರೆ ಹೊಸ ಮಾಂಸ ಎಲ್ಲಿಂದ ಬರಬೇಕು?” ಅಂದೆ. ಮೊಟ್ಟೆಗೆ ಒಪ್ಪಲಿಲ್ಲ. ಹೆಸರುಬೇಳೆ ತೊವ್ವೆ, ಹಾಲು, ಮೊಸರು, ಸೀಬೆಹಣ್ಣಿಗೆ ಒಪ್ಪಿದರು. ನಾಲ್ಕು ದಿನಕ್ಕೆ ತಳ ಕೆಂಪಾಗಲು ಶುರುವಾಯಿತು.

ಸಕ್ಕರೆ, ಬೀಡಿ ಸಿಗರೇಟು, ರಕ್ತಹೀನತೆ, ಸ್ಟೀರಾಯ್ಡ್ ಮಾತ್ರೆ, ಇವೆಲ್ಲ ಗಾಯ ತಡಮಾಡುವುದು ನಿಮಗೆ ಗೊತ್ತೇ ಇದೆ. ಆದರೆ ಊಟದ ಬಗ್ಗೆ ಬರೀ “ಊಟ ಆಯ್ತಾ” ಅಂತ ಕೇಳಿ ಬಿಡಬೇಡಿ. ತಟ್ಟೆಯಲ್ಲಿ ಏನಿತ್ತು ಅಂತ ಕೇಳಿ.

ಆರನೇ ದಿನದ ಗುಲಾಬಿ ನೀರು

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಹೊಟ್ಟೆ ಆಪರೇಷನ್ ಆದ ಒಬ್ಬ ಯಜಮಾನರು, ಆರನೇ ದಿನ. ಅಲ್ಲಿಯವರೆಗೆ ಒಣಗಿದ್ದ ಪ್ಯಾಡ್ ರಾತ್ರಿ ಇದ್ದಕ್ಕಿದ್ದಂತೆ ತಿಳಿ ಗುಲಾಬಿ ಬಣ್ಣದ ನೀರಿನಲ್ಲಿ ನೆನೆಯಿತು. ಡ್ಯೂಟಿಯಲ್ಲಿದ್ದವರು ಅದರ ಮೇಲೆ ಇನ್ನೊಂದು ಪ್ಯಾಡ್ ಕಟ್ಟಿದರು. ಬೆಳಿಗ್ಗೆ ಯಜಮಾನರು ಕೆಮ್ಮಿದಾಗ ಹೊಲಿಗೆ ಬಿಟ್ಟು ಕರುಳಿನ ಸುತ್ತು ಹೊರಗೆ ಬಂತು. ಅವರು ಉಳಿದರು. ಆದರೆ ಆ ನೀರಿನ ಅರ್ಥ ರಾತ್ರಿಯೇ ಗೊತ್ತಿದ್ದರೆ ಅವರಿಗೆ ಆ ಭಯ, ಆ ನೋವು ಬರುತ್ತಿರಲಿಲ್ಲ.

ಐದರಿಂದ ಎಂಟನೇ ದಿನದೊಳಗೆ ಹೀಗೆ ಗುಲಾಬಿ ನೀರು ಹರಿದರೆ, “ಏನೋ ಬಿಟ್ಟ ಹಾಗಾಯ್ತು” ಅಂತ ರೋಗಿ ಹೇಳಿದರೆ, ಒಳಗಿನ ಪದರ ಬಿಟ್ಟಿರಬಹುದು. ತಕ್ಷಣ ಸರ್ಜನ್‌ಗೆ ಫೋನ್. ಕರುಳು ಹೊರಗೆ ಬಂದೇ ಬಿಟ್ಟರೆ ಒಳಗೆ ತಳ್ಳಬೇಡಿ. ಸಲೈನಿನಲ್ಲಿ ನೆನೆಸಿದ ಸ್ಟೆರೈಲ್ ಗಾಜ್ ಮುಚ್ಚಿ, ತಲೆಯ ಕಡೆ ಸ್ವಲ್ಪ ಎತ್ತರಿಸಿ, ಮಂಡಿ ಮಡಚಿಸಿ ಮಲಗಿಸಿ. ಬಾಯಿಗೆ ನೀರೂ ಬೇಡ. ನಾಡಿ, ಬಿಪಿ ನೋಡುತ್ತಿರಿ. ಒಬ್ಬರು ಪಕ್ಕದಲ್ಲೇ ಕೈ ಹಿಡಿದು ನಿಲ್ಲಿ.

ಮಾಯದ ಹುಣ್ಣುಗಳು

ಕೆಲವು ಗಾಯ ದಿನ ಎಣಿಸಿದರೂ ಮುಂದೆ ಹೋಗುವುದಿಲ್ಲ, ಇನ್‌ಫ್ಲಮೇಷನ್‌ನಲ್ಲೇ ಸಿಕ್ಕಿಕೊಂಡಿರುತ್ತವೆ. ಇಲ್ಲಿ ಜಾಗ ನೋಡಿ. ಪಾದದ ಅಡಿಯಲ್ಲಿ, ಸುತ್ತ ದಪ್ಪ ಚರ್ಮ, ನೋವೇ ಇಲ್ಲದ ಹುಣ್ಣು ಸಕ್ಕರೆ ಕಾಯಿಲೆಯದ್ದು. ಒಳ ಹರಡಿನ ಮೇಲೆ, ಸುತ್ತ ಕಂದು ಬಣ್ಣ, ಸದಾ ನೀರು ಸುರಿಯುವ ಹುಣ್ಣು ಅಶುದ್ಧ ರಕ್ತನಾಳದ್ದು. ದಿನವಿಡೀ ನಿಂತೇ ಇರುವ ಹೋಟೆಲ್ ಸಪ್ಲೈಯರ್, ಸೆಕ್ಯೂರಿಟಿ ಗಾರ್ಡ್‌ಗಳಲ್ಲಿ ನೋಡಿದ್ದೇನೆ. ಬೆರಳ ತುದಿಯಲ್ಲಿ, ತಣ್ಣನೆ ಕಾಲು, ರಾತ್ರಿ ವಿಪರೀತ ನೋವಿದ್ದರೆ ಶುದ್ಧ ರಕ್ತವೇ ಹೋಗುತ್ತಿಲ್ಲ. ಕಾಲಿಗೆ ಬಿಗಿ ಬ್ಯಾಂಡೇಜ್ ಅಶುದ್ಧ ರಕ್ತನಾಳದ ಹುಣ್ಣಿಗೆ ಮದ್ದು, ಈ ತಣ್ಣನೆ ಕಾಲಿಗೆ ಅಪಾಯ. ಪಾದದ ನಾಡಿ ಮುಟ್ಟಿ ನೋಡದೆ ಬಿಗಿ ಕಟ್ಟಬೇಡಿ.

ಮಲಗಿದಲ್ಲೇ ಇರುವವರಿಗೆ ಒತ್ತಡದಿಂದ ಆಗುವ ಹುಣ್ಣು, ಬೆಡ್ ಸೋರ್, ತಡೆಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಒತ್ತಿದರೆ ಬಿಳುಪಾಗದ ಕೆಂಪು ಅಷ್ಟೇ. ಪುಸ್ತಕದ ಫೋಟೋಗಳು ಬಿಳಿ ಚರ್ಮದವು. ನಮ್ಮವರ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣುವುದಿಲ್ಲ. ಅದಕ್ಕೇ ಬೆರಳಲ್ಲಿ ನೋಡಿ. ಸೊಂಟದ ಹಿಂದಿನ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗ ಮುಟ್ಟಿ. ಪಕ್ಕದ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗೋ? ವ್ಯತ್ಯಾಸ ಇದ್ದರೆ ಅದೇ ಮೊದಲ ಹಂತ. ಎರಡನೆಯದರಲ್ಲಿ ಮೇಲಿನ ಚರ್ಮ ಹೋಗಿರುತ್ತದೆ, ಮೂರರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕರಲ್ಲಿ ಸ್ನಾಯು, ಮೂಳೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆವರು ಮೂತ್ರ ಒರೆಸಿ ಒಣಗಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನಡಿ ದಿಂಬಿಡುವುದು. ಕೆಂಪಾದ ಜಾಗವನ್ನು ತಿಕ್ಕಬೇಡಿ.

ಹೋದ ತಿಂಗಳು ಸೊಂಟ ಮುರಿದ ಒಬ್ಬ ಅಜ್ಜಿ ಮನೆಯಿಂದ ಮೂರನೇ ಹಂತದ ಹುಣ್ಣಿನೊಂದಿಗೆ ಬಂದರು. ಮೊದಲ ದಿನ ಒಬ್ಬ ಸ್ಟೂಡೆಂಟ್ ನೋಟ್ಸ್‌ನಲ್ಲಿ “ಡ್ರೆಸ್ಸಿಂಗ್ ಮಾಡಲಾಯಿತು, ಗಾಯ ಚೆನ್ನಾಗಿದೆ” ಅಂತ ಬರೆದಿದ್ದಳು. ಚೆನ್ನಾಗಿದೆ ಅಂದರೆ ನಾಳೆ ಬರುವವರಿಗೆ ಏನು ಗೊತ್ತಾಗುತ್ತದೆ? ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ: ತಲೆಯಿಂದ ಕಾಲಿನ ದಿಕ್ಕಿಗೆ ಉದ್ದ, ಅಡ್ಡಕ್ಕೆ ಅಗಲ, ಸ್ಟೆರೈಲ್ ಸ್ವಾಬ್ ಕಡ್ಡಿ ಇಳಿಸಿ ಆಳ. ಗಾಯವನ್ನು ಗಡಿಯಾರ ಅಂದುಕೊಂಡರೆ ತಲೆಯ ಕಡೆ ಹನ್ನೆರಡು. ತಳದಲ್ಲಿ ಕೆಂಪೆಷ್ಟು, ಹಳದಿಯೆಷ್ಟು, ಕಪ್ಪೆಷ್ಟು. ಮೂರು ವಾರ ಅವಳೇ ಅಳೆದಳು, ಅವಳೇ ಬರೆದಳು. ಕೊನೆಯ ಪೋಸ್ಟಿಂಗ್ ದಿನ ಅವಳು ಬರೆದದ್ದು ಹೀಗಿತ್ತು:

“21ನೇ ದಿನ. 4 × 3 × 0.8 ಸೆಂ.ಮೀ. (ಬಂದಾಗ 5 × 4 × 1.5). ತಳ ಶೇ. 90 ಕೆಂಪು, ಶೇ. 10 ಹಳದಿ, ಕಪ್ಪಿಲ್ಲ. 3 ಗಂಟೆಯ ಕಡೆ 0.5 ಸೆಂ.ಮೀ. ಪೊಳ್ಳು. ತಿಳಿ ನೀರು, ಸ್ವಲ್ಪ. ವಾಸನೆ ಇಲ್ಲ. ಸುತ್ತಲ ಚರ್ಮ ಸರಿ ಇದೆ. ನೋವು 10ಕ್ಕೆ 2. ಅಜ್ಜಿ ಎರಡು ಮೊಟ್ಟೆ ತಿಂದರು.”